ಗೆದ್ದ ರಾತ್ರಿಯ ಜಗಳ

ಬೆಂಗಳೂರು ಎಫ್‌ಸಿ ಸೋತ ದಿನ ನಮ್ಮ ಬೀಡಿ ಊರಿನ ಕಟ್ಟೆಯ ಮೇಲೆ ಅಷ್ಟೇನೂ ಗದ್ದಲ ಇರುವುದಿಲ್ಲ. ಮೊಬೈಲು ಕಿಸೆಗಿಟ್ಟುಕೊಂಡು ಎಲ್ಲರೂ ಸುಮ್ಮನೆ ಮನೆ ಹಾದಿ ಹಿಡಿಯುತ್ತಾರೆ. ಜಗಳ ಏಳುವುದು ಗೆದ್ದ ರಾತ್ರಿ. ಅದೂ ತವರಿನ ಅಂಗಳದಲ್ಲಿ, ಒಂದೇ ಗೋಲಿನಿಂದ ಗೆದ್ದ ರಾತ್ರಿ. “ಗೆದ್ದೀವಿ ಖರೆ, ಆದ್ರ ಅದರಾಗ ಆಟ ಏನಿತ್ತು ಹೇಳು?” ಅಂತ ಒಬ್ಬ. “ಮೂರು ಪಾಯಿಂಟ್ ಬಂದಾವಿಲ್ಲೋ, ಮತ್ತೇನ್ ಬೇಕು ನಿನಗ?” ಅಂತ ಇನ್ನೊಬ್ಬ. ಆ ಹುಡುಗನನ್ನು ಕೋಚ್ ಯಾಕೆ ಹೊರಗೆ ಕರೆದ, ಕೊನೆಯ ಇಪ್ಪತ್ತು ನಿಮಿಷ ಎಲ್ಲರೂ ನಮ್ಮ ಗೋಲಿನ ಮುಂದೆಯೇ ಯಾಕೆ ಗುಂಪುಗೂಡಿದರು, ಹಿಂಗಾದರೆ ಮುಂದಿನ ಮ್ಯಾಚು ಹೆಂಗ? ಹೊತ್ತು ಎಷ್ಟಾದರೂ ಮಾತು ಮುಗಿಯುವುದಿಲ್ಲ.

ಮಕ್ಕಳಿಗೆ ಆಟ ಕಲಿಸುತ್ತಲೇ ವಯಸ್ಸಾದವನು ನಾನು. ಈ ಜಗಳ ನಿಲ್ಲಿಸಿರೆಂದು ಹೇಳಲು ಬಂದಿಲ್ಲ. ಗೆದ್ದ ಮೇಲೂ ತೃಪ್ತಿ ಇಲ್ಲದೆ ಕೂತು ಮಾತಾಡುವ ಹುಡುಗರನ್ನು ಕಂಡರೆ ನನಗೆ ನಿಜವಾಗಿ ಸಂತೋಷ. ಒಂದೇ ಮಾತು ಹೇಳಬೇಕಾಗಿದೆ. ನೀವು ಜಗಳಾಡುವುದೆಲ್ಲ ಗೋಲು ಬಿದ್ದ ಕ್ಷಣದ ಬಗ್ಗೆ, ತಪ್ಪಿದ ಗೋಲಿನ ಬಗ್ಗೆ. ಒಂದು ಗೋಲಿನ ಗೆಲುವಿನಲ್ಲಿ ಅಸಲಿ ಆಟ ಇರುವುದು ಗೋಲು ಬಿದ್ದ ಮೇಲಿನ ಹೊತ್ತಿನಲ್ಲಿ. ಆ ಹೊತ್ತನ್ನು ನೋಡಿ, ಅದರ ಬಗ್ಗೆ ಜಗಳಾಡಿ.

ನಮ್ಮ ಖಾನಾಪುರ ತಾಲ್ಲೂಕಿನ ಫುಟ್‌ಬಾಲ್ ಅಭಿಮಾನದ್ದು ಒಂದು ವಿಶೇಷ ಇದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇಲ್ಲಿಂದ ಹತ್ತಿರಹತ್ತಿರ 500 ಕಿಲೋಮೀಟರ್ ದೂರ. ಅದೇ ಲೋಂಡಾದಲ್ಲಿ ರೈಲು ಹತ್ತಿದರೆ ಕ್ಯಾಸಲ್‌ರಾಕ್, ದೂಧ್‌ಸಾಗರ ದಾಟಿ ಮಡಗಾಂವ್. ಫತೋರ್ಡಾ ಮೈದಾನ ಅಲ್ಲೇ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ಮೇಲೆ ತರಕಾರಿ ಗಾಡಿಗಳು ದಿನಾ ಗೋವಾಕ್ಕೆ ಇಳಿಯುತ್ತವೆ. ನಮ್ಮ ಎಷ್ಟೋ ಮನೆಗಳ ಹುಡುಗರು ಅಲ್ಲಿ ಕೆಲಸಕ್ಕಿದ್ದಾರೆ. ಹಬ್ಬಕ್ಕೆ ಊರಿಗೆ ಬರುವಾಗ ಎಫ್‌ಸಿ ಗೋವಾದ ಕಿತ್ತಳೆ ಬಣ್ಣದ ಅಂಗಿ ತೊಟ್ಟುಕೊಂಡು ಬರುತ್ತಾರೆ. ಇಲ್ಲಿ ಉಳಿದವರದು ಬೆಂಗಳೂರು ಎಫ್‌ಸಿಯ ನೀಲಿ. ಒಂದೇ ಮನೆಯಲ್ಲಿ ಅಣ್ಣ ಕಿತ್ತಳೆ, ತಮ್ಮ ನೀಲಿ ಆಗಿರುವುದೂ ಉಂಟು. 2025ರ ಏಪ್ರಿಲ್‌ನಲ್ಲಿ ಇವೆರಡು ತಂಡಗಳೇ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಎದುರುಬದುರಾದವು. ಬೆಂಗಳೂರಿನಲ್ಲಿ ಬೆಂಗಳೂರು 2-0. ಫತೋರ್ಡಾದಲ್ಲಿ ಗೋವಾ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿತು. ಹೆಚ್ಚುವರಿ ಆಟಕ್ಕೆ ಹೋಯಿತು ಅನ್ನುವಷ್ಟರಲ್ಲಿ, 90 ನಿಮಿಷ ಕಳೆದ ಮೇಲೆ, ಸುನಿಲ್ ಛೆಟ್ರಿ ತಲೆಯಿಂದ ಹೊಡೆದ ಒಂದು ಗೋಲು ಬೆಂಗಳೂರನ್ನು ಫೈನಲ್‌ಗೆ ಒಯ್ದಿತು. ಒಟ್ಟು ಅಂತರ 3-2. ಆ ರಾತ್ರಿ ಇಂಥ ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ಎಲ್ಲಿಗೆ ಮುಟ್ಟಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ತವರಿನ ಒಂದು ಗೋಲಿನ ಗೆಲುವಿಗೆ ಬರೋಣ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಬೆಂಗಳೂರು 1-0. ಗೋಲು ಹೊಡೆದವನು ಹತ್ತೊಂಬತ್ತರ ಹುಡುಗ ವಿನಿತ್ ವೆಂಕಟೇಶ್, 25ನೇ ನಿಮಿಷಕ್ಕೆ. ಅಲ್ಲಿಂದ ಮುಂದೆ ಒಂದು ಗಂಟೆಗೂ ಹೆಚ್ಚು ಹೊತ್ತು ಆ ಒಂದೇ ಗೋಲನ್ನು ಕಾದುಕೊಳ್ಳಬೇಕಾಯಿತು. ಹಾಗೆಯೇ ಅಕ್ಟೋಬರ್ 18ರಂದು ಅದೇ ಅಂಗಳದಲ್ಲಿ ಪಂಜಾಬ್ ವಿರುದ್ಧ 1-0. ಮೊದಲ ಅರ್ಧದ ಕೊನೆಗೆ ರೋಷನ್ ಸಿಂಗ್ ಗೋಲು. ಎರಡನೇ ಅರ್ಧದಲ್ಲಿ ಚಿಂಗ್ಲೆನ್ಸಾನಾ ಸಿಂಗ್‌ಗೆ ರೆಡ್ ಕಾರ್ಡ್. ಉಳಿದವರು ಹತ್ತು ಜನ, ಎದುರಿಗೆ ಹನ್ನೊಂದು. “ಪೂರಾ ಡಿಫೆನ್ಸ್ ಆಡಿದ್ರೋ, ನೋಡಾಕ ಬ್ಯಾಸರ ಆತು” ಅಂತ ಬೈಯುವವರು ಬೈಯುವುದು ಇಂಥ ಮ್ಯಾಚನ್ನೇ.

ಬೇಸರ ಯಾಕಾಯಿತು? ಮೊಬೈಲಿನಲ್ಲಿ ನೋಡಿದಿರಿ, ಅದಕ್ಕೆ. ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ. ಚೆಂಡು ಪಂಜಾಬಿನವರ ಕಾಲಲ್ಲಿದ್ದರೆ ನಿಮಗೆ ಕಾಣುವುದು ಪಂಜಾಬಿನವರು. ಆದರೆ 90 ನಿಮಿಷದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಬಹಳವೆಂದರೆ ಎರಡು ಮೂರು ನಿಮಿಷ. ಉಳಿದ ಹೊತ್ತೆಲ್ಲ ಅವನು ಚೆಂಡಿಲ್ಲದೆ ಆಡುತ್ತಾನೆ. ಹತ್ತೇ ಜನ ಉಳಿದ ತಂಡದಲ್ಲಿ ಆ ಚೆಂಡಿಲ್ಲದ ಆಟವೇ ಎಲ್ಲ. ನಾಲ್ವರು ಹಿಂದೆ, ನಾಲ್ವರು ಅವರ ಮುಂದೆ, ಒಬ್ಬ ದೂರದಲ್ಲಿ ಒಂಟಿ. ಚೆಂಡು ಬಲಕ್ಕೆ ಹೋದರೆ ಆ ಎಂಟೂ ಜನ ಬಲಕ್ಕೆ ಸರಿಯಬೇಕು, ಎಡಕ್ಕೆ ಹೋದರೆ ಎಡಕ್ಕೆ. ಒಬ್ಬ ಅರೆಕ್ಷಣ ತಡ ಮಾಡಿದರೂ ಸಂದು ಬಿಡುತ್ತದೆ, ಚೆಂಡು ಆ ಸಂದಿನಲ್ಲೇ ಬರುತ್ತದೆ. ಇಷ್ಟು ಸರಿದಾಡಿ ದಣಿದ ಕಾಲಿನ ಮೇಲೆ ನೂರಾರು ಸಲ ಅದೇ ಕೆಲಸ. ತಪ್ಪದೆ ಮಾಡಿದರೆ ಪರದೆಯ ಮೇಲೆ ಏನೂ ಆಗಲಿಲ್ಲ ಅನ್ನಿಸುತ್ತದೆ. ಏನೂ ಆಗದಂತೆ ನೋಡಿಕೊಳ್ಳುವುದೇ ಅವತ್ತು ಅವರ ಕೆಲಸವಾಗಿತ್ತು, ಮಾಡಿದರು. ಆ ಸೀಸನ್‌ನ ಮೊದಲ ಐದು ಮ್ಯಾಚಿನಲ್ಲಿ ಬೆಂಗಳೂರು ಒಂದೂ ಗೋಲು ಬಿಟ್ಟುಕೊಡಲಿಲ್ಲ. ಗೋಲಿನಲ್ಲಿ ಗುರುಪ್ರೀತ್ ಇದ್ದರು ನಿಜ, ಆದರೆ ಅವರೊಬ್ಬರಿಂದಲೇ ಆದದ್ದಲ್ಲ ಅದು.

ಹಾಗಂತ ತಂಡವನ್ನು ಬರೀ ಹೊಗಳಿ ಎಂದು ನಾನು ಹೇಳುತ್ತಿಲ್ಲ. ಹೊಗಳಿಕೆಯಲ್ಲಿ ಕಣ್ಣು ಬೆಳೆಯುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ, ಅಷ್ಟೆ. ಹನ್ನೊಂದೂ ಜನ ಇದ್ದು, ಒಂದು ಗೋಲು ಮುಂದಿದ್ದು, ತಂಡ ತನ್ನ ಗೋಲಿನ ಮುಂದೆ ಕೂತುಬಿಟ್ಟರೆ ಕೇಳಿ: ಮುಂದೆ ಚೆಂಡು ಹಿಡಿದು ನಿಲ್ಲುವವನು ಯಾರಿದ್ದ? ಈಗ ಐದು ಜನರನ್ನು ಬದಲಾಯಿಸಬಹುದು. 70ನೇ ನಿಮಿಷಕ್ಕೆ ಕೋಚ್ ಸ್ಟ್ರೈಕರ್‌ನನ್ನು ಕರೆದು ಡಿಫೆಂಡರ್‌ನನ್ನು ಇಳಿಸುತ್ತಾನೆ ಅನ್ನಿ. ಹಿಂದೆ ಒಬ್ಬ ಜಾಸ್ತಿಯಾದ, ಸರಿ. ಆದರೆ ಹಿಂದಿನವರು ಒದ್ದ ಚೆಂಡನ್ನು ಮುಂದೆ ಎದೆಗೊಟ್ಟು ಹಿಡಿದು, ಎರಡು ಕ್ಷಣ ನಿಂತು, ಒಂದು ಫೌಲ್ ಗಿಟ್ಟಿಸಿಕೊಂಡು ತನ್ನವರಿಗೆ ಉಸಿರಾಡಲು ಹೊತ್ತು ಕೊಡುವವನು ಈಗ ಇಲ್ಲ. ಒದ್ದ ಚೆಂಡು ಹತ್ತು ಸೆಕೆಂಡಿನಲ್ಲಿ ವಾಪಸ್. ಮತ್ತೆ ಒದೆ, ಮತ್ತೆ ವಾಪಸ್. ಕೊನೆಯ ಹದಿನೈದು ನಿಮಿಷ ನಿಮ್ಮ ಎದೆ ಬಾಯಿಗೆ ಬಂದದ್ದಕ್ಕೆ ಕಾರಣ ಹುಡುಗರ ಸೋಮಾರಿತನ ಅಲ್ಲ, ಆ ಬದಲಾವಣೆ. ಇದರ ಮೇಲೆ ಕೋಚ್ ಜೊತೆ ಜಗಳಾಡಿದರೆ ಅದು ಜಗಳ. “ಅವ ಓಡಲೇ ಇಲ್ಲ, ಇವಗ ದಿಮಾಕು” ಅನ್ನುವುದು ಬರೀ ಹರಟೆ.

ಇನ್ನೊಂದು ಪ್ರಶ್ನೆ: ಚೆಂಡು ಹಿಂದಕ್ಕೆ ಕೊಟ್ಟಾಗ ನೀವೇನು ಮಾಡಿದಿರಿ? ಕ್ರೀಡಾಂಗಣಕ್ಕೆ ಹೋದವರನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ನಮ್ಮ ಜನಕ್ಕೆ ಹಿಂದಕ್ಕೆ ಹೋದ ಪಾಸ್ ಕಂಡರೆ ಆಗದು. “ಮುಂದ ಆಡೋ!” ಅಂತ ಕೂಗುತ್ತೇವೆ. ಗೋಲ್‌ಕೀಪರ್‌ಗೆ ಕಾಲಿನಿಂದ ಕೊಟ್ಟ ಚೆಂಡನ್ನು ಅವನು ಕೈಯಿಂದ ಹಿಡಿಯುವಂತಿಲ್ಲ ಎಂಬ ನಿಯಮ 1992ರಲ್ಲಿ ಬಂತು. ಅದರ ಮುಂಚೆ ಗೆಲ್ಲುತ್ತಿದ್ದ ತಂಡ ಚೆಂಡನ್ನು ಕೀಪರ್ ಕೈಗೆ ಕೊಟ್ಟು ಹೊತ್ತು ಕಳೆಯುತ್ತಿತ್ತು, ನೋಡುವವರು ಬೈದದ್ದರಲ್ಲಿ ಅರ್ಥವಿತ್ತು. ಈಗ ಹಿಂದಕ್ಕೆ ಕೊಡುವುದೆಂದರೆ ಎದುರಾಳಿಯನ್ನು ಮುಂದಕ್ಕೆ ಕರೆದು, ಅವನ ಬೆನ್ನ ಹಿಂದೆ ಜಾಗ ಮಾಡಿಕೊಳ್ಳುವ ಆಟ; ಜೊತೆಗೆ ಒಂದಿಷ್ಟು ದಮ್ಮು ತೆಗೆದುಕೊಳ್ಳುವುದು. ಗ್ಯಾಲರಿ ಗೊಣಗಿದರೆ ಇಪ್ಪತ್ತರ ಹುಡುಗ ಹೆದರಿ ಮುಂದಿನ ಸಲ ಕಣ್ಣು ಮುಚ್ಚಿ ಉದ್ದಕ್ಕೆ ಒದೆಯುತ್ತಾನೆ. ಚೆಂಡು ಅವರಿಗೆ. ತವರಿನ ಜನರೇ ತವರಿನ ತಂಡದ ಕೈಯಿಂದ ಚೆಂಡು ಕಿತ್ತುಕೊಟ್ಟ ಹಾಗಾಯಿತು.

ನೋಡುವವರಿಂದ ಏನಾಗುತ್ತದೆ ಎನ್ನಬೇಡಿ. ಕೊರೋನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಜರ್ಮನಿಯ ಬುಂಡೆಸ್‌ಲೀಗಾ ಖಾಲಿ ಗ್ಯಾಲರಿಯ ಎದುರು ಮತ್ತೆ ಶುರುವಾದಾಗ ತವರಿನ ತಂಡಗಳ ಗೆಲುವು ಎದ್ದು ಕಾಣುವಷ್ಟು ಇಳಿಯಿತು. ಅದೇ ಮೈದಾನ, ಅದೇ ಹುಲ್ಲು, ಅದೇ ಆಟಗಾರರು. ಇಲ್ಲದೆ ಇದ್ದದ್ದು ಜನ. ನಮ್ಮ ಐಎಸ್‌ಎಲ್ ಅಂತೂ ಆಗ ಎರಡು ಸೀಸನ್ ಗೋವಾದಲ್ಲೇ ಬಾಗಿಲು ಹಾಕಿಕೊಂಡು ನಡೆಯಿತು, ಬೆಂಗಳೂರಿಗೆ ತವರೇ ಇರಲಿಲ್ಲ. ಕಂಠೀರವದಲ್ಲಿ ಗ್ಯಾಲರಿಗೂ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಇದೆ, ಆಟ ದೂರ. ಆದರೂ ಪಶ್ಚಿಮದ ಗ್ಯಾಲರಿಯಲ್ಲಿ ನಿಲ್ಲುವ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು 90 ನಿಮಿಷ ಹಾಡುತ್ತಾರೆ. ಗೋಲು ಬಿದ್ದಾಗ ಯಾರಾದರೂ ಹಾಡುತ್ತಾರೆ. ಒಂದು ಗೋಲು ಮುಂದಿದ್ದು 85ನೇ ನಿಮಿಷಕ್ಕೆ ಎಲ್ಲರ ಉಸಿರು ಸಿಕ್ಕಿಕೊಂಡಾಗ ಹಾಡುವುದು ಅಭ್ಯಾಸದಿಂದ ಬರಬೇಕು. ನೀವು ಎಂದಾದರೂ ಅಲ್ಲಿಗೆ ಹೋದರೆ ಆ ಐದು ನಿಮಿಷ ಅವರ ಹತ್ತಿರ ನಿಂತುಕೊಳ್ಳಿ.

ಒಂದು ಗೋಲಿನ ಗೆಲುವು ಸಣ್ಣದು ಎಂಬ ಭಾವನೆ ಎಲ್ಲಿಂದ ಬಂತೋ ನನಗೆ ತಿಳಿಯದು. ಬಹುಶಃ ಕ್ರಿಕೆಟ್ಟಿನಿಂದ ಬಂದಿರಬೇಕು, ಅಲ್ಲಿ ನೂರು ರನ್ನಿನಿಂದ ಗೆದ್ದರೆ ದೊಡ್ಡ ಗೆಲುವು. ಫುಟ್‌ಬಾಲ್ ಗೋಲು ಕಡಿಮೆ ಬೀಳುವ ಆಟ. 1-0, 2-1 ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಬೀಳುವ ಅಂಕಗಳಲ್ಲಿ ಸೇರಿವೆ. 2010ರ ವಿಶ್ವಕಪ್ ಗೆದ್ದ ಸ್ಪೇನ್ ತಂಡವನ್ನು ನೆನೆಸಿಕೊಳ್ಳಿ. ಮೊದಲ ಮ್ಯಾಚು ಸ್ವಿಟ್ಜರ್ಲೆಂಡ್‌ಗೆ 0-1 ಸೋತಿತು. ಆಮೇಲೆ ನಾಕೌಟ್‌ನಲ್ಲಿ ಪೋರ್ಚುಗಲ್, ಪರಾಗ್ವೆ, ಜರ್ಮನಿ, ಫೈನಲ್‌ನಲ್ಲಿ ನೆದರ್ಲೆಂಡ್ಸ್, ನಾಲ್ಕೂ ಕಡೆ 1-0. ಏಳು ಮ್ಯಾಚಿನಲ್ಲಿ ಹೊಡೆದದ್ದು ಒಟ್ಟು ಎಂಟು ಗೋಲು. ಅಷ್ಟು ಚೆಂದದ ಪಾಸಿಂಗ್ ಆಡಿದ ತಂಡಕ್ಕೇ ದಕ್ಕಿದ್ದು ಅಷ್ಟು.

ನಮ್ಮದನ್ನೇ ನೋಡಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಆಡಿದ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್‌ಗೆ ಸೋತದ್ದು ಒಂದೇ ಗೋಲಿನಿಂದ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಐಎಸ್‌ಎಲ್ ಗೆದ್ದದ್ದೂ ಒಂದೇ ಗೋಲಿನಿಂದ, 117ನೇ ನಿಮಿಷಕ್ಕೆ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟದ್ದರಿಂದ. ದೋಹಾದ ಒಂದು ಗೋಲು ಇವತ್ತಿಗೂ ನೋಯುತ್ತದೆ, ಮುಂಬೈಯ ಒಂದು ಗೋಲು ಇವತ್ತಿಗೂ ಸಂತೋಷ ಕೊಡುತ್ತದೆ. ಸೋತಾಗ ಒಂದು ಗೋಲಿಗೆ ಅಷ್ಟು ಬೆಲೆ ಕಟ್ಟುವವರು ಗೆದ್ದಾಗ ಯಾಕೆ ಕಡಿಮೆ ಕಟ್ಟುತ್ತೀರಿ?

ಇಷ್ಟಾಗಿಯೂ ಒಂದು ಮಾತು ಒಪ್ಪಲೇಬೇಕು. ಚೆನ್ನಾಗಿ ಆಡಿದವರು ಸೋಲುತ್ತಾರೆ, ಆಡದವರು ಗೆಲ್ಲುತ್ತಾರೆ, ಇದು ಈ ಆಟದಲ್ಲಿ ನಡೆಯುತ್ತದೆ. 1990ರ ವಿಶ್ವಕಪ್‌ನಲ್ಲಿ ಟ್ಯೂರಿನ್‌ನಲ್ಲಿ ಬ್ರೆಜಿಲ್ ಇಡೀ ಮ್ಯಾಚು ಅರ್ಜೆಂಟೀನಾದ ಮೇಲೆ ಏರಿ ಆಡಿತು, ಗೋಲ್ ಕಂಬಕ್ಕೂ ಹೊಡೆಯಿತು. ಕೊನೆಗೆ ಮರಡೋನಾ ಒಮ್ಮೆ ಚೆಂಡು ಹಿಡಿದು ನಾಲ್ಕು ಜನರನ್ನು ತನ್ನ ಕಡೆ ಎಳೆದುಕೊಂಡು ಕನಿಜಿಯಾಗೆ ಪಾಸ್ ಕೊಟ್ಟ, ಮುಗಿಯಿತು. ಟಿ.ವಿ. ಇದ್ದ ಮನೆಯಲ್ಲಿ ಕಿಕ್ಕಿರಿದು ನೋಡಿದವರು ನಾವು. ಅರ್ಜೆಂಟೀನಾಕ್ಕೆ ಆ ಗೆಲುವು ಸಲ್ಲಬೇಕಿತ್ತೋ ಇಲ್ಲವೋ ಎಂದು ನನ್ನ ಗೆಳೆಯರು ಈಗಲೂ ಮಾತಾಡುತ್ತಾರೆ. ನನ್ನ ಕೇಳಿದರೆ ಸಲ್ಲಬೇಕಿತ್ತು. ನಾಲ್ಕು ಜನ ಒಬ್ಬನ ಹತ್ತಿರ ಓಡಿದರೆಂದರೆ ಎಲ್ಲೋ ಒಬ್ಬ ಒಂಟಿ ನಿಂತಿದ್ದಾನೆ ಎಂದು ಅರ್ಥ, ಅದನ್ನು ಅರ್ಜೆಂಟೀನಾದವರು ನೋಡಿದರು.

ನಮ್ಮ ಕಡೆ ಕುಸ್ತಿ ನೋಡಿ ಬಂದ ಹಿರಿಯರು ಮಾತಾಡುವುದನ್ನು ನೀವು ಕೇಳಿದ್ದೀರಿ. ಯಾರು ಗೆದ್ದ ಎಂಬುದು ಎರಡು ನಿಮಿಷದ ಮಾತು. ಆಮೇಲೆ ಗಂಟೆಗಟ್ಟಲೆ ನಡೆಯುವುದು ಯಾವ ಪಟ್ಟು ಎಲ್ಲಿ ಹಾಕಿದ, ಎದುರಿನವನ ಬಲಗಾಲು ಎಲ್ಲಿತ್ತು, ಬಿಡಿಸಿಕೊಳ್ಳಲು ಯಾವ ಕೈ ಆಸರೆ ಕೊಡಬೇಕಿತ್ತು ಎಂಬ ಲೆಕ್ಕ. ಎದ್ದು ನಿಂತು ಮಾಡಿ ತೋರಿಸುತ್ತಾರೆ. ಫುಟ್‌ಬಾಲ್ ಮಾತೂ ಹಾಗೇ ನಡೆಯಲಿ ಎಂಬುದು ನನ್ನಾಸೆ. ಕಟ್ಟೆಯ ಮೇಲೆ ನಾಲ್ಕು ಕಲ್ಲಿಟ್ಟುಕೊಂಡು ಡಿಫೆನ್ಸ್ ಎಲ್ಲಿ ನಿಂತಿತ್ತು ಎಂದು ತೋರಿಸಿ ಜಗಳಾಡುವ ಇಬ್ಬರನ್ನು ಕಂಡರೆ ನಾನು ಅಲ್ಲೇ ನಿಂತುಬಿಡುತ್ತೇನೆ.

ಬೆಂಗಳೂರಿಗೆ ಹೋಗುವುದು ದೂರವಾದರೆ ಬೆಳಗಾವಿ ಹತ್ತಿರವೇ ಇದೆ. ಟಿಳಕವಾಡಿಯ ಲೇಲೆ ಮೈದಾನ ಇದೆ. ಕ್ಯಾಂಪಿನಲ್ಲಿ 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಶಾಲೆಯ ಮೈದಾನ ಇದೆ, ಊರಿನ ಫುಟ್‌ಬಾಲ್ ಪ್ರೀತಿ ಬೆಳೆದ ಜಾಗಗಳಲ್ಲಿ ಅದೂ ಒಂದು. ಮಳೆಗಾಲದಲ್ಲಿ ಶಾಲಾ ಹುಡುಗರ ಆಟ ನೋಡಲು ಹೋಗಿ. ನಡುಗೆರೆಯ ಹತ್ತಿರ ನಿಲ್ಲಬೇಡಿ, ಗೋಲಿನ ಹಿಂದೆ ನಿಂತುಕೊಳ್ಳಿ. ಅಲ್ಲಿಂದ ಸಾಲುಗಳು ಕಾಣುತ್ತವೆ, ಯಾರು ಯಾರ ಸಂದಿನಲ್ಲಿದ್ದಾರೆ ತಿಳಿಯುತ್ತದೆ. ಚೆಂಡು ಬಿಟ್ಟು ಒಬ್ಬನನ್ನೇ ಹತ್ತು ನಿಮಿಷ ನೋಡಿ. ನಾನು ಹಾಗೆ ನೋಡಿದ ಒಬ್ಬ ಹುಡುಗ ನೆನಪಿದ್ದಾನೆ. ಬಲಬದಿಯ ಬ್ಯಾಕ್, ಸಣಕಲ, ಮೊಣಕಾಲಿನವರೆಗೆ ಕೆಂಪು ಕೆಸರು. ಚೆಂಡು ತನ್ನ ಕಡೆ ಬರುವ ಮುಂಚೆ ಪ್ರತಿ ಸಲ ಎರಡು ಬಾರಿ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದ. ಬಂದ ಚೆಂಡನ್ನು ಒಂದೇ ಒದೆತದಲ್ಲಿ ತನ್ನವರಿಗೆ ಮುಟ್ಟಿಸುತ್ತಿದ್ದ. ಅವನ ಮಗ್ಗುಲಿನಿಂದ ಎದುರಾಳಿ ಒಮ್ಮೆಯೂ ಒಳಗೆ ಬರಲಿಲ್ಲ. ಅವನ ತಂಡ 1-0 ಗೆದ್ದಿತು, ಎಲ್ಲರೂ ಗೋಲು ಹೊಡೆದವನನ್ನು ಹೆಗಲ ಮೇಲೆ ಎತ್ತಿದರು. ಆ ಬ್ಯಾಕ್ ಹುಡುಗ ಒಬ್ಬನೇ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ಹತ್ತಿರ ಹೋಗಿ, “ನೀ ಹಿಂದ ತಿರುಗಿ ನೋಡೋದು ಯಾರು ಕಲಿಸಿದ್ರಪ್ಪ?” ಅಂದೆ. ಮುಖ ಅರಳಿತು. “ನೋಡಿದ್ರೇನ್ರೀ ಸರ್ ನೀವು?” ಅಂದ.

ಈಗ ಸ್ವಲ್ಪ ಕಠಿಣವಾದ ವಿಷಯ. 2023ರ ಮಾರ್ಚ್ 3ರ ರಾತ್ರಿ ನೆನಪಿದೆಯಲ್ಲ? ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಐಎಸ್‌ಎಲ್ ನಾಕೌಟ್. 90 ನಿಮಿಷ 0-0. ಹೆಚ್ಚುವರಿ ಆಟ ಶುರುವಾದ ಸ್ವಲ್ಪ ಹೊತ್ತಿಗೆ ಬೆಂಗಳೂರಿಗೆ ಫ್ರೀಕಿಕ್. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದಾರೆ, ಕೀಪರ್ ಜಾಗ ಹಿಡಿಯುತ್ತಿದ್ದಾನೆ. ಛೆಟ್ರಿ ಕಾಯಲಿಲ್ಲ, ಚೆಂಡನ್ನು ಎತ್ತಿ ಒಳಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಆಮೇಲೆ ಫುಟ್‌ಬಾಲ್ ಫೆಡರೇಷನ್ ಕೇರಳ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಮ್ಯಾಚಿನ ನಿಷೇಧ ವಿಧಿಸಿತು.

ಆ ಗೆಲುವಿನ ಬಗ್ಗೆ ಇಲ್ಲಿ ನಡೆದಷ್ಟು ಜಗಳ ಬೇರೆ ಯಾವ ಮ್ಯಾಚಿಗೂ ನಡೆದದ್ದಿಲ್ಲ. “ಶಾಣ್ಯಾ ಆಟ” ಅಂದವರು ಕೆಲವರು, “ಮೋಸ” ಅಂದವರು ಕೆಲವರು. ನಿಯಮ ಬಲ್ಲವರು ಬಹಳ ಕಡಿಮೆ. ನಿಯಮ ಹೀಗಿದೆ: ಫ್ರೀಕಿಕ್ ಪಡೆದವರು ಎದುರಾಳಿ 9.15 ಮೀಟರ್ ಹಿಂದೆ ಸರಿಯುವ ತನಕ ಕಾಯಲೇಬೇಕೆಂದಿಲ್ಲ, ಬೇಗ ಹೊಡೆಯಬಹುದು. ಆದರೆ ದೂರ ನಿಲ್ಲಿಸಿಕೊಡಿ ಎಂದು ರೆಫರಿಯನ್ನು ಕೇಳಿದರೆ ಮಾತ್ರ ಸೀಟಿ ಬೀಳುವ ತನಕ ಹೊಡೆಯುವಂತಿಲ್ಲ. ಹಾಗಾದರೆ ಜಗಳದ ಗಂಟು ಇರುವುದು ಛೆಟ್ರಿಯ ಪ್ರಾಮಾಣಿಕತೆಯಲ್ಲಿ ಅಲ್ಲ. ಹೊಡೆಯುವ ಮುಂಚಿನ ಆ ಕೆಲವು ಸೆಕೆಂಡಿನಲ್ಲಿ ರೆಫರಿಗೂ ಆಟಗಾರನಿಗೂ ನಡುವೆ ಏನು ನಡೆಯಿತು ಎಂಬುದರಲ್ಲಿ. ನನ್ನ ಮಟ್ಟಿಗೆ ಗೋಲು ಸರಿ. ಚೆಂಡಿನ ಎದುರು ಒಬ್ಬನನ್ನು ನಿಲ್ಲಿಸಿಕೊಂಡು ಆಮೇಲೆ ಗೋಡೆ ಕಟ್ಟಬೇಕಿತ್ತು, ಅದು ಎಲ್ಲ ಡಿಫೆಂಡರ್‌ಗೂ ಹೇಳಿಕೊಡುವ ಮೊದಲ ಪಾಠ. ತಂಡವನ್ನು ಹೊರಗೆ ಕರೆದದ್ದಂತೂ ತಪ್ಪೇ. ಇನ್ನೂ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಆಟ ಉಳಿದಿತ್ತು. ನೀವು ಬೇರೆ ಹೇಳಬಹುದು, ಹೇಳಿ. ನಿಯಮ ಓದಿಕೊಂಡು ಹೇಳಿ.

ಅಂಥ ರಾತ್ರಿಗಳಲ್ಲೇ ಬಾಯಿ ಜಾರುವುದು. ಕೇರಳದವರು ಹಂಗೆ, ಗೋವಾದವರು ಹಿಂಗೆ ಎಂದು ಶುರುವಾಗಿ ಮುಖ, ಬಣ್ಣ, ಭಾಷೆಗೆ ಹೋಗಿ ಮುಟ್ಟುತ್ತದೆ. ಪಂಜಾಬಿನ ಎದುರು ಗೋಲು ಹೊಡೆದ ರೋಷನ್, ರೆಡ್ ಕಾರ್ಡ್ ತಿಂದ ಚಿಂಗ್ಲೆನ್ಸಾನಾ, ಇಬ್ಬರೂ ಮಣಿಪುರದವರು. ಗೋಲು ಹೊಡೆದಾಗ ನಮ್ಮವ, ಕಾರ್ಡು ತಿಂದಾಗ ಬೇರೆ ಹೆಸರಿನಿಂದ ಕರೆಯುವುದು ಕೆಟ್ಟದ್ದು, ತಮ್ಮಂದಿರಾ. ನನಗೆ ಅದನ್ನು ಕೇಳಲಾಗುವುದಿಲ್ಲ. ಹಾಗೆಯೇ ನಮ್ಮ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತವೆ. ಬೆಳಗಾವಿಯಲ್ಲಿ ಭಾಷೆಯ ಮಾತು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಫುಟ್‌ಬಾಲ್ ಜಗಳದಲ್ಲಿ ಯಾರಾದರೂ ಆ ಮಾತು ಎತ್ತಿದರೆ ಅವನನ್ನು ಅಲ್ಲೇ ತಡೆಯುವವನು ಅವನ ಭಾಷೆಯವನೇ ಆಗಿರಲಿ. ಅದರಿಂದ ಆಗುವ ಪರಿಣಾಮವೇ ಬೇರೆ, ನಾನು ಕಣ್ಣಾರೆ ಕಂಡಿದ್ದೇನೆ.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ಮಾಡಿತು. ಅದಕ್ಕೂ ಮುಂಚೆ ನಮ್ಮ ಹುಡುಗರ ಅರ್ಧ ಸಿಟ್ಟು ಫ್ಯಾಂಟಸಿ ತಂಡದಲ್ಲಿ ಕಳೆದ ದುಡ್ಡಿನ ಸಿಟ್ಟಾಗಿತ್ತು. ಗೆದ್ದ ತಂಡದ ಆಟಗಾರನನ್ನೇ “ಇನ್ನೊಂದ್ ಗೋಲ್ ಹೊಡೀಲಿಲ್ಲ” ಅಂತ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಈಗಲೂ ಕದ್ದುಮುಚ್ಚಿ ಕಟ್ಟುವವರಿದ್ದರೆ ಬಿಟ್ಟುಬಿಡಿ. ದುಡ್ಡು ಕಟ್ಟಿದವನ ಕಣ್ಣಿಗೆ ಆಟ ಕಾಣುವುದಿಲ್ಲ.

ಆ ಮಾರ್ಚ್ 3ರ ಮರುದಿನ ಏನಾಯಿತು ಗೊತ್ತೇ? 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಅದೂ ಒಂದೇ ಗೋಲಿನ ಗೆಲುವು. ಮೈಸೂರು ರಾಜ್ಯದ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಆ ಟ್ರೋಫಿ ನಮ್ಮ ಕಡೆ ಬಂದಿರಲಿಲ್ಲ. ಕೋಚ್ ರವಿ ಬಾಬು ರಾಜು. ಹಲಸೂರಿನ ಗೌತಮಪುರದಂಥ ಕೇರಿಗಳಿಂದ ಅರುಮೈನಾಯಗಂ ಅವರಂಥವರು ಎದ್ದುಬಂದು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಆಡಿದ ನಾಡು ನಮ್ಮದು. ಅಂಥ ನಾಡಿಗೆ ಅರ್ಧ ಶತಮಾನದ ಮೇಲೆ ಸಿಕ್ಕ ಟ್ರೋಫಿ ಅದು. ಅವತ್ತು ನಮ್ಮ ಕಟ್ಟೆಯ ಮೇಲೆ ಇನ್ನೂ ಛೆಟ್ರಿಯ ಫ್ರೀಕಿಕ್ ಜಗಳವೇ ನಡೆಯುತ್ತಿತ್ತು. ರಾಬಿನ್ ಯಾದವ್ ಹೊಡೆದ ಫ್ರೀಕಿಕ್ ಗೋಲಿನ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ಎರಡು ಗೋಲು ಬಿಟ್ಟುಕೊಟ್ಟ ಡಿಫೆನ್ಸನ್ನು ಬೈಯಲೂ ಯಾರೂ ಇರಲಿಲ್ಲ.

2025ರ ಜುಲೈ 5ರಂದು ಇನ್ನೊಂದು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅವರದೇ ಮನೆಯಲ್ಲಿ 2-1ರಿಂದ ಸೋಲಿಸಿ, ಅರ್ಹತಾ ಸುತ್ತು ಆಡಿ ಏಷ್ಯನ್ ಕಪ್‌ಗೆ ಮೊದಲ ಸಲ ದಾರಿ ಮಾಡಿಕೊಂಡರು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದು. ಒಂದು ಗೋಲಿನ ಅಂತರ, ಪರರ ಅಂಗಳ, ಸೋತರೆ ಮನೆ. ನೀವು ತಿಂಗಳಿಡೀ ಜಗಳಾಡಬಹುದಾದ ಮ್ಯಾಚು. ನಾನು ಮರುದಿನ ಕಟ್ಟೆಗೆ ಹೋಗಿ ಕೂತೆ. ಮಾತು ಕ್ರಿಕೆಟ್ಟಿನದಿತ್ತು.

ತಂಡವೊಂದರ ಬಗ್ಗೆ ಜನ ಹೊತ್ತುಗೊತ್ತಿಲ್ಲದೆ ಜಗಳಾಡುತ್ತಾರೆಂದರೆ ಆ ತಂಡ ಜನರದ್ದಾಗಿದೆ ಎಂದರ್ಥ. ಬೆಂಗಳೂರು ಎಫ್‌ಸಿಗೆ ನೀವು ಆ ಪ್ರೀತಿ ಕೊಟ್ಟಿದ್ದೀರಿ. ಸಂತೋಷ್ ಟ್ರೋಫಿಯ ಹುಡುಗರಿಗೂ, ಮಹಿಳಾ ಲೀಗ್‌ನಲ್ಲಿ ಆಡುವ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡಕ್ಕೂ ಅದರಲ್ಲಿ ಸ್ವಲ್ಪ ಪಾಲು ಕೊಡಿ. ಅವರ ಮ್ಯಾಚನ್ನೂ ಮೊಬೈಲಿನಲ್ಲಿ ಹಚ್ಚಿ ಕೂತುಕೊಳ್ಳಿ, ಅವರ ಕೋಚ್‌ನನ್ನೂ ತರಾಟೆಗೆ ತೆಗೆದುಕೊಳ್ಳಿ. ಮನೆಯಲ್ಲಿ ಶಾಲೆಗೆ ಹೋಗುವ ತಂಗಿಯರಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ನಾನು ಆಟ ಕಲಿಸಿದ ಹುಡುಗಿಯರಲ್ಲಿ ಕೆಲವರು, ಒಂದು ಗೋಲು ಮುಂದಿರುವಾಗ ಎಡಬದಿಯ ಬ್ಯಾಕ್ ಎಲ್ಲಿ ನಿಲ್ಲಬೇಕೆಂದು ನಿಮಗಿಂತ ಚೆನ್ನಾಗಿ ಬಲ್ಲವರು. ಮುಂದಿನ ಸಲ ಬೆಂಗಳೂರು 1-0 ಗೆದ್ದ ರಾತ್ರಿ ಮೊದಲು ಅವರನ್ನು ಕೇಳಿ, ಆಮೇಲೆ ನಿಮ್ಮ ಜಗಳ ಶುರು ಮಾಡಿ.